ಏಂಜಲ್ ಬೇಕು ಅಂದರೆ ಮೊದಲು ನೀರು ಯಾವುದು ಅಂತ ಕೇಳಿ

ಅಕ್ವೇರಿಯಂ ಅಂಗಡಿಯಲ್ಲಿ ನನ್ನ ಕೆಲಸ. "ಏಂಜಲ್ ಫಿಶ್ ಇದೆಯಾ?" ಅಂತ ಫೋನ್ ಬಂದರೆ ಇದೆ, ಇಲ್ಲ ಅನ್ನುವ ಮೊದಲು "ನಿಮ್ಮದು ಸಿಹಿನೀರಿನ ಟ್ಯಾಂಕಾ, ಉಪ್ಪುನೀರಿನದಾ?" ಅಂತ ಕೇಳುತ್ತೇನೆ. ಏಂಜಲ್ ಅನ್ನುವ ಒಂದೇ ಹೆಸರು ಸಿಹಿನೀರಿನ ಮೀನಿಗೂ ಇದೆ, ಸಮುದ್ರದ ಬೇರೆ ಮೀನುಗಳಿಗೂ ಇದೆ. ಹೊಸದಾಗಿ ಸೇರುವ ಹುಡುಗರಿಗೂ ಮೊದಲು ಹೇಳಿಕೊಡುವುದು ಇದನ್ನೇ. ಸಿಹಿನೀರಿನ ಮೀನನ್ನು ಸಮುದ್ರದ ನೀರಿಗೆ ಬಿಟ್ಟರೆ ಅದರ ಮೈಯೊಳಗಿನ ನೀರೇ ಹೊರಗೆ ಹೋಗಿ ಸಾಯುತ್ತದೆ.

ಏಂಜಲ್ ಶಾರ್ಕ್ ಅಂತಲೂ ಒಂದಿದೆ, ಮರಳಲ್ಲಿ ಚಪ್ಪಟೆಯಾಗಿ ಹುದುಗಿ ಬೇಟೆಗೆ ಕಾಯುವಂಥದ್ದು. ದಕ್ಷಿಣ ಆಫ್ರಿಕಾದಲ್ಲಿ ಏಂಜಲ್ ಫಿಶ್ ಅನ್ನುವ ಹೆಸರಲ್ಲಿ ತಿನ್ನುವ ಮೀನನ್ನೂ ಮಾರುತ್ತಾರೆ. ಅವೆಲ್ಲ ನಮ್ಮ ಕೌಂಟರ್‌ಗೆ ಬರಲ್ಲ, ಬಿಡಿ.

ಜಾಸ್ತಿ ಜನ ಕೇಳುವುದು ಸಿಹಿನೀರಿನದನ್ನೇ. ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ನದಿಗಳ ಕಡೆಯ ಮೀನು, ಸಿಕ್ಲಿಡ್ ಅನ್ನುವ ಕುಟುಂಬದ್ದು. ಇದರ ಕುಲ ಟೆರೋಫಿಲಮ್, ಅದರಲ್ಲಿ ಇರುವುದು ಮೂರೇ ಜಾತಿ. ಅಂಗಡಿಗಳಲ್ಲಿ ಸಿಗುವುದು ಬಹುತೇಕ ಸ್ಕೇಲಾರೆ ಅನ್ನುವ ಜಾತಿಯ ಸಾಕು ತಳಿಗಳು. ಆಲ್ಟಮ್ ಅನ್ನುವ ಇನ್ನೊಂದು ಜಾತಿ ಇನ್ನೂ ಎತ್ತರ, ನೀರಿನ ವಿಷಯದಲ್ಲಿ ಬಲು ನಾಜೂಕು. ಏಂಜಲ್ ನೋಡೋಕೆ ಸಾಧು ಅನ್ನಿಸಿದರೂ, ನಿಯಾನ್ ಟೆಟ್ರಾದಂಥ ಪುಟ್ಟ ಮೀನು ಬಾಯಲ್ಲಿ ಹಿಡಿಸುವಷ್ಟು ಚಿಕ್ಕದಿದ್ದರೆ ನುಂಗಿಯೇ ಬಿಡುತ್ತದೆ. ಆದರೆ ಮೊಟ್ಟೆ ಇಟ್ಟ ಜೋಡಿಯನ್ನು ನೋಡಬೇಕು. ಎಲೆಗೆ ಅಂಟಿದ ಮೊಟ್ಟೆಗಳ ಎದುರು ನಿಂತು ಎರಡೂ ಸರದಿ ಮೇಲೆ ರೆಕ್ಕೆ ಬೀಸುತ್ತಿರುತ್ತವೆ. ಕೆಟ್ಟು ಬೆಳ್ಳಗಾದ ಮೊಟ್ಟೆ ಕಂಡರೆ ಬಾಯಿಂದಲೇ ಕಿತ್ತು ತೆಗೆಯುತ್ತವೆ.

ಸಮುದ್ರದ ಏಂಜಲ್‌ಗಳದು ಪೊಮಕ್ಯಾಂಥಿಡೆ ಅನ್ನುವ ಬೇರೆಯೇ ಕುಟುಂಬ. ಹವಳದ ದಿಬ್ಬಗಳ ಸುತ್ತ ಇರುತ್ತವೆ. ಮೊಟ್ಟೆಗಳನ್ನು ನೀರಲ್ಲೇ ತೇಲಿಬಿಡುತ್ತವೆ, ಕಾವಲು ಗೀವಲು ಏನೂ ಇಲ್ಲ. ಇವನ್ನು ಬಟರ್‌ಫ್ಲೈ ಫಿಶ್ ಅಂದುಕೊಳ್ಳುವವರೂ ಇದ್ದಾರೆ. ಅಂಥವರಿಗೆ ನಾನು ಮೀನಿನ ಕೆನ್ನೆ ತೋರಿಸುತ್ತೇನೆ. ಏಂಜಲ್‌ಗೆ ಕಿವಿರು ಮುಚ್ಚಳದ ಕೆಳತುದಿಯಲ್ಲಿ ಹಿಂದಕ್ಕೆ ಚಾಚಿದ ಗಟ್ಟಿ ಮುಳ್ಳಿರುತ್ತದೆ, ಬಟರ್‌ಫ್ಲೈಗೆ ಇಲ್ಲ. ಬಲೆ ಹಾಕಿದರೆ ಈ ಮುಳ್ಳು ಕಣ್ಣಿಗಳಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸಲು ಎಳೆದಾಡಿದಷ್ಟೂ ಮೀನಿಗೆ ಗಾಯ. ಅದಕ್ಕೇ ನಾವು ಪ್ಲಾಸ್ಟಿಕ್ ಡಬ್ಬಿಯನ್ನು ನೀರಲ್ಲಿ ಮುಳುಗಿಸಿ, ಮೀನನ್ನು ನಿಧಾನಕ್ಕೆ ಅದರೊಳಗೆ ಅಟ್ಟಿ, ನೀರಿನ ಸಮೇತ ಎತ್ತುತ್ತೇವೆ.

ಹೆಸರು ಸಾಲದು, ಫೋಟೋ ಕಳಿಸಿ ಅನ್ನೋಣ ಅಂದರೆ ಸಮುದ್ರದ ಏಂಜಲ್‌ಗಳಲ್ಲಿ ಅದೂ ಪೂರ್ತಿ ನಂಬಿಕೆಗಲ್ಲ. ಎಂಪರರ್ ಏಂಜಲ್ ಮರಿಯಾಗಿದ್ದಾಗ ಕಡುನೀಲಿ ಮೈಮೇಲೆ ಬಿಳಿ ಸುತ್ತುಗಳು. ದೊಡ್ಡದಾದ ಮೇಲೆ ಹಳದಿ-ನೀಲಿ ಪಟ್ಟೆ, ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ. ಉದ್ದ 40 ಸೆಂಟಿಮೀಟರ್‌ವರೆಗೂ ಹೋಗುತ್ತದೆ. ಮರಿ ಇಷ್ಟಪಟ್ಟು ಬಂದವರಿಗೆ ಈ ದೊಡ್ಡದರ ಫೋಟೋನೂ ತೋರಿಸುತ್ತೇನೆ, ಟ್ಯಾಂಕಿನ ಅಳತೆ ಕೇಳುತ್ತೇನೆ. ಬಿಲ್ ಹಾಕುವುದು ಆಮೇಲೆ.