ಬೂಮಣ್ಣಿ ಬುಟ್ಟಿಯಲ್ಲಿ ಭೂಮಿತಾಯಿಗೆ ಬುತ್ತಿ

ವಿಜಯದಶಮಿಯ ಬನ್ನಿ ಹಂಚಿ ಮುಗಿದರೆ ಹುಣ್ಣಿಮೆಗೆ ಐದೇ ದಿನ. ಮಲೆನಾಡಿನ ಸಾಗರ, ಸೊರಬ, ಹೊಸನಗರ ಕಡೆಯ ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಆ ಐದು ದಿನ ಹೆಂಗಸರಿಗೆ ಪುರುಸೊತ್ತೇ ಇರುವುದಿಲ್ಲ. ಅಟ್ಟದ ಮೇಲಿದ್ದ ಬಿದಿರಿನ ಬುಟ್ಟಿಗಳು ಕೆಳಗಿಳಿಯುತ್ತವೆ. ಒಂದು ದೊಡ್ಡದು, ಒಂದು ಸಣ್ಣದು. ಸಗಣಿ ಬಳಿದು ಒಣಗಿಸಬೇಕು. ಅದರ ಮೇಲೆ ಕೆಮ್ಮಣ್ಣು ಬಳಿದು ಮತ್ತೆ ಒಣಗಿಸಬೇಕು. ಆಮೇಲೆ ಚಿತ್ತಾರ. ಕೆಲವು ಮನೆಗಳಲ್ಲಿ ಮಹಾನವಮಿಯ ದಿನವೇ ಕೆಲಸ ಶುರುವಾಗಿರುತ್ತದೆ. ಇವೇ ಬೂಮಣ್ಣಿ ಬುಟ್ಟಿಗಳು.

ಆಶ್ವೀಜದ ಈ ಹುಣ್ಣಿಮೆಗೆ ಬಯಲುಸೀಮೆಯವರು ಶೀಗಿ ಹುಣ್ಣಿಮೆ ಅನ್ನುತ್ತಾರೆ. ನಮಗೆ ಅದು ಭೂಮಿ ಹುಣ್ಣಿಮೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆಗೆ ಬಂದಿರುತ್ತದೆ, ಅಂದರೆ ತೆನೆ ಇನ್ನೂ ಸಸಿಯ ಹೊಟ್ಟೆಯೊಳಗೆ ಇರುತ್ತದೆ. ಕೆಲವು ಕಡೆ ತೆನೆ ಹೊರಗೆ ಇಣುಕಿರುತ್ತದೆ. ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಇರುತ್ತದೆ ಅಲ್ವಾ? ಆ ಬಯಕೆಯ ಊಟವನ್ನು ಮನೆಯಲ್ಲಿ ಮಾಡಿ, ಗದ್ದೆಗೆ ಹೊತ್ತುಕೊಂಡು ಹೋಗಿ, ಅವಳಿಗೆ ಬಡಿಸಿ ಬರುವ ಹಬ್ಬ ಇದು.

ಚಿಕ್ಕವಳಿದ್ದಾಗ ನಾನು ದೊಡ್ಡಮ್ಮನನ್ನು ಕೇಳಿದ್ದೆ, ಗದ್ದೆಗೆ ಒಯ್ಯುವ ಬುಟ್ಟಿಗೆ ಇಷ್ಟೊಂದು ಚಿತ್ತಾರ ಯಾಕೆ ಅಂತ. ಬೆಳಕು ಹರಿಯುವ ಮೊದಲೇ ಅದು ಹೊರಟುಬಿಡುತ್ತದೆ, ಕತ್ತಲಲ್ಲಿ ಯಾರು ನೋಡುತ್ತಾರೆ? ದೊಡ್ಡಮ್ಮ ಕೈ ನಿಲ್ಲಿಸದೆ ಹೇಳಿದ್ದರು, "ಬಯಕೆ ಹೊತ್ತೋಳಿಗೆ ಊಟ ಕೊಡೋ ಬುಟ್ಟಿ ಮಗಾ ಇದು. ಬರೀ ಬುಟ್ಟೀಲಿ ಕೊಡ್ತಾರನೇ?" ಆ ಮಾತಿನ ಆಳ ಆಗ ನನಗೆ ತಿಳಿಯಲಿಲ್ಲ. ಈಗ ಪ್ರತಿ ವರ್ಷ ಕೆಮ್ಮಣ್ಣು ಕಲಸುವಾಗ ನೆನಪಾಗುತ್ತದೆ.

ಚಿತ್ತಾರದ ಬಣ್ಣಗಳನ್ನೇ ನೋಡಿ. ಕೆಂಪಿಗೆ ಕೆಮ್ಮಣ್ಣು. ಬಿಳಿಗೆ ನೆನೆಸಿ ನುಣ್ಣಗೆ ಅರೆದ ಅಕ್ಕಿ. ಕಪ್ಪಿಗೂ ಅಕ್ಕಿಯೇ, ಕರಿ ಆಗುವ ತನಕ ಹುರಿದು ಅರೆಯಬೇಕು. ಹಳದಿಗೆ ಕಾಡಿನ ಗುರಿಗೆ ಕಾಯಿ. ಕುಂಚಕ್ಕೆ ಪುಂಡಿ ನಾರು. ಬುಟ್ಟಿಗೆ ಬಿದಿರು. ಒಂದೂ ಅಂಗಡಿಯಿಂದ ಬಂದಿದ್ದಲ್ಲ. ಎಲ್ಲವೂ ಅವಳದೇ ಮಣ್ಣು, ಅವಳದೇ ಬೆಳೆ, ಅವಳದೇ ಕಾಡು. ಅವಳು ಕೊಟ್ಟದ್ದರಿಂದಲೇ ಅವಳ ಊಟದ ಬುಟ್ಟಿಯನ್ನು ಸಿಂಗರಿಸುತ್ತೇವೆ. ಇದಕ್ಕಿಂತ ದೊಡ್ಡ ಪೂಜೆ ನನಗೆ ಗೊತ್ತಿಲ್ಲ.

ಎಳೆ ಬರೆಯುವುದು ಸುಲಭ ಅಂದುಕೊಳ್ಳಬೇಡಿ. ಪುಂಡಿ ನಾರನ್ನು ಅಕ್ಕಿ ಹಿಟ್ಟಿನ ನೀರಿನಲ್ಲಿ ಅದ್ದಿ, ಒಂದೇ ಉಸಿರಿನಲ್ಲಿ ಎಳೆಯಬೇಕು. ನಡುವೆ ಕೈ ನಿಂತರೆ ಗೆರೆ ದಪ್ಪವಾಗುತ್ತದೆ. ಹಿಟ್ಟು ನೀರಾದರೆ ಒಣಗಿದ ಮೇಲೆ ಮಾಸುತ್ತದೆ, ಗಟ್ಟಿಯಾದರೆ ಉದುರುತ್ತದೆ. ಬುಟ್ಟಿಯ ಮೈ ಗುಂಡಗೆ, ಬರೆಯುವ ಗೆರೆ ನೆಟ್ಟಗೆ. ಇವೆರಡನ್ನು ಹೊಂದಿಸುವುದರಲ್ಲೇ ಜಾಣತನ ಇರುವುದು. ಏಣಿ, ನಿಲಿ, ಜೋಗಿ ಜಡೆ, ಭತ್ತದ ಸಸಿ, ಹೀಗೆ ಚಿತ್ತಾರದ ಎಲ್ಲ ನಮೂನೆಗಳೂ ಆ ಸಣ್ಣ ಎಳೆಗಳಿಂದಲೇ ಹುಟ್ಟಬೇಕು. ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವೂ ಇದೇ ಕೈಯ ಕೆಲಸ. ಹಸೆಗೋಡೆಯ ಮುಂದೆ ಮದುಮಕ್ಕಳನ್ನು ಕೂರಿಸುತ್ತಾರೆ, ಸುತ್ತ ಹೆಂಗಸರು ಹಾಡು ಹೇಳುತ್ತಾರೆ. ಮದುವೆ ವರ್ಷಕ್ಕೊಂದು ಬರಬಹುದು, ಬಾರದೆಯೂ ಇರಬಹುದು. ಭೂಮಿ ಹುಣ್ಣಿಮೆ ಮಾತ್ರ ತಪ್ಪದೆ ಬರುತ್ತದೆ. ಹಾಗಾಗಿ ಹುಡುಗಿಯರ ಕೈ ಪಳಗುವುದು ಬುಟ್ಟಿಯ ಮೇಲೆಯೇ.

ಹುಣ್ಣಿಮೆಯ ಹಿಂದಿನ ರಾತ್ರಿ ಯಾರೂ ಮಲಗುವುದಿಲ್ಲ. ಒಲೆಯ ಮೇಲೆ ಕೊಟ್ಟೆ ಕಡುಬು, ಸೌತೆಕಾಯಿ ಕಡುಬು, ಪಾಯಸ, ಬುತ್ತಿಯ ಅನ್ನ. ಎಲ್ಲಕ್ಕಿಂತ ಮುಖ್ಯವಾದದ್ದು ಬೆರಕೆ ಸೊಪ್ಪು. ಹಿತ್ತಲು, ಬೇಲಿ, ಗುಡ್ಡ ಎಲ್ಲ ಸುತ್ತಿ ಹತ್ತಾರು ಬಗೆಯ ಸೊಪ್ಪಿನ ಕುಡಿ ತಂದು, ಅಮಟೆಕಾಯಿ ಸೇರಿಸಿ ಬೇಯಿಸುತ್ತಾರೆ. ಯಾವ ಸೊಪ್ಪು ತಿನ್ನಬಹುದು, ಯಾವುದು ಎಲ್ಲಿ ಸಿಗುತ್ತದೆ ಅನ್ನುವುದು ಅಮ್ಮನ ತಲೆಮಾರಿಗೆ ಬಾಯಿಪಾಠ. ನನಗೆ ಅದರ ಅರ್ಧವೂ ಗೊತ್ತಿಲ್ಲ. ಅವರ ಜೊತೆ ಬೇಲಿ ಸುತ್ತುತ್ತಾ ಕಲಿಯುತ್ತಿದ್ದೇನೆ. ಚಿತ್ತಾರ ಉಳಿಸಬೇಕು ಅನ್ನುವವರು ಈ ಸೊಪ್ಪಿನ ಹೆಸರುಗಳನ್ನೂ ಉಳಿಸಬೇಕು. ಬುಟ್ಟಿ ಇದ್ದು ಅದರೊಳಗೆ ಹಾಕಲು ಏನೂ ಇಲ್ಲದಿದ್ದರೆ ಹೇಗೆ?

ಕೋಳಿ ಕೂಗುವ ಹೊತ್ತಿಗೆ ಮನೆಯ ಗಂಡಸರು ಬುಟ್ಟಿ ಹೊತ್ತು ಹೊರಡುತ್ತಾರೆ. ಕೈಯಲ್ಲಿ ಸೂಡಿಯ ಬೆಳಕು. ಹಾಳಿ, ಅಂದರೆ ಗದ್ದೆಯ ಬದುವಿನ ಮೇಲೆ ನಡೆಯುತ್ತಾ, ಬೇಯಿಸಿದ ಸೊಪ್ಪು ಕಲಸಿದ ಚರಗವನ್ನು ಗದ್ದೆಯ ತುಂಬ ಬೀರುತ್ತಾರೆ. "ಅಚ್ಚಂಬಲಿ, ಹಾಲಂಬಲಿ" ಅಂತ ಕೂಗುವ ದನಿ ಒಂದು ಗದ್ದೆಯಿಂದ ಏಳುತ್ತದೆ. ಪಕ್ಕದ ಗದ್ದೆಯವರೂ ಕೂಗುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಇಡೀ ಬಯಲು ಕೂಗುತ್ತಿರುತ್ತದೆ. ಇಬ್ಬನಿ ಬಿದ್ದ ಆ ಹೊತ್ತಿನಲ್ಲಿ ಮನೆಯ ಅಂಗಳದಲ್ಲಿ ನಿಂತು ಅದನ್ನು ಕೇಳಬೇಕು. ಮೈ ಜುಮ್ಮೆನ್ನುತ್ತದೆ. ಭೂತಾಯಿ ಬಂದು ಉಂಡು ಹೋಗಲಿ ಅಂತ ಮಗ ತಾಯಿಯನ್ನು ಊಟಕ್ಕೆ ಕರೆಯುವ ಕೂಗು ಅದು.

ಬೆಳಗಾದ ಮೇಲೆ ಮನೆಮಂದಿಯೆಲ್ಲ ಪೂಜೆಗೆ ಹೋಗುತ್ತೇವೆ. ಗದ್ದೆಯ ಒಂದು ಕಡೆ ಬಾಳೆಕಂಬ ನೆಟ್ಟು, ಮಾವಿನ ತೋರಣ ಕಟ್ಟಿ, ಒಳ್ಳೆಯ ಸಸಿಗಳನ್ನು ಸೇರಿಸಿ ಸಿಂಗರಿಸುತ್ತಾರೆ. ಮನೆಯ ಹೆಂಗಸು ತನ್ನ ಕೊರಳಿನ ಸರವನ್ನು ತೆಗೆದು ಭತ್ತದ ಸಸಿಗೆ ಹಾಕುತ್ತಾಳೆ. ಪೂಜೆ ಮುಗಿಯುವವರೆಗೆ ಆ ಚಿನ್ನ ಅವಳದಲ್ಲ, ಭೂಮಿಯದು. ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ. ಭತ್ತ ತಿನ್ನುವ ಇಲಿಗೂ ಎಡೆ ಇಡುತ್ತೇವೆ ಅಂದರೆ ಹೊರಗಿನವರಿಗೆ ಅಚ್ಚರಿ. ತಾಯಿಯ ಮಡಿಲಲ್ಲಿ ಇರುವವರೆಲ್ಲ ಅವಳ ಮಕ್ಕಳೇ ತಾನೆ? ಆಮೇಲೆ ಎಲ್ಲರೂ ಗದ್ದೆಯಲ್ಲೇ ಕೂತು ಉಣ್ಣುತ್ತೇವೆ.

ನನ್ನ ಮನಸ್ಸನ್ನು ಹಿಡಿದಿರುವುದು ಇಷ್ಟು. ದೇವಸ್ಥಾನಕ್ಕೆ ಹೋದರೆ ನಾನು ಏನಾದರೂ ಕೇಳುತ್ತೇನೆ. ಸಿಗಂದೂರು ಚೌಡೇಶ್ವರಿಯ ಹತ್ತಿರ ಹೋದಾಗಲೂ ಕೇಳಿದ್ದೇನೆ, ಮಾರಿಜಾತ್ರೆಯಲ್ಲಿ ಮಡಿಲಕ್ಕಿ ಕೊಟ್ಟಾಗಲೂ ಕೇಳಿದ್ದೇನೆ. ಅದರಲ್ಲಿ ತಪ್ಪೇನೂ ಇಲ್ಲ, ಮಕ್ಕಳು ತಾಯಿಯನ್ನಲ್ಲದೆ ಇನ್ಯಾರನ್ನು ಕೇಳಬೇಕು? ಆದರೆ ಭೂಮಿ ಹುಣ್ಣಿಮೆಯ ದಿನ ಕೇಳುವ ಮಾತೇ ಬಾಯಿಗೆ ಬರುವುದಿಲ್ಲ. ಅವತ್ತು ಕೊಡುವುದಕ್ಕೆ ಹೋಗಿರುತ್ತೇವೆ. ಉಂಡಳೋ ಇಲ್ಲವೋ, ಉಪ್ಪು ಹುಳಿ ಸರಿಯಾಯಿತೋ ಇಲ್ಲವೋ, ಅಷ್ಟೇ ಚಿಂತೆ.

ಈ ಕೊಡುವ ಹಂಬಲ ಎಷ್ಟು ಗಟ್ಟಿ ಅನ್ನುವುದಕ್ಕೆ ಶರಾವತಿ ಕಣಿವೆಯ ಜನರನ್ನು ನೆನೆಯಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಎಷ್ಟೋ ಹಳ್ಳಿಗಳು ನೀರಿನೊಳಗೆ ಹೋದವು. ಮನೆ, ಗದ್ದೆ, ಹಸೆಗೋಡೆ ಎಲ್ಲ ಮುಳುಗಿದವು. ಜನ ದಿಕ್ಕಾಪಾಲಾಗಿ ಶಿವಮೊಗ್ಗದ ಕಡೆಯ ಕಾಡುಗಳಲ್ಲಿ ಹೊಸದಾಗಿ ಬದುಕು ಕಟ್ಟಿದರು. ಗೋಡೆಯನ್ನು ಹೊತ್ತು ತರಲು ಆಗಲಿಲ್ಲ, ಚಿತ್ತಾರ ಮಾತ್ರ ಕೈಯಲ್ಲಿ ಬಂತು. ಗುರುತೇ ಇಲ್ಲದ ಹೊಸ ಮಣ್ಣನ್ನೂ ತಾಯಿ ಅಂತ ಒಪ್ಪಿಕೊಂಡು, ಅದೇ ಬುಟ್ಟಿಯಲ್ಲಿ ಅದಕ್ಕೂ ಬಯಕೆಯ ಊಟ ಬಡಿಸಿದರು. ಆ ಹೆಂಗಸರನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ.

ಈಗಿನ ಕಷ್ಟ ಬೇರೆ ರೀತಿಯದು. ಗದ್ದೆಗಳು ಅಡಿಕೆ ತೋಟ ಆಗುತ್ತಿವೆ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಬಿದಿರಿನ ಬುಟ್ಟಿಯ ಜಾಗಕ್ಕೆ ಪ್ಲಾಸ್ಟಿಕ್ ಬುಟ್ಟಿ ಬಂದಿದೆ. ಅಂಗಡಿಯ ಬಣ್ಣದಲ್ಲಿ ಅರ್ಧ ಗಂಟೆಯಲ್ಲಿ ಬರೆದು ಮುಗಿಸುವವರೂ ಇದ್ದಾರೆ. ಅವರನ್ನು ನಾನು ಬೈಯಲಾರೆ. ಕೆಲಸಕ್ಕೆ ಹೋಗಿ ಬಂದು, ರಾತ್ರಿ ಕೂತು ಅಷ್ಟಾದರೂ ಬರೆಯುತ್ತಾರಲ್ಲ. ಅಡಿಕೆ ಮರದ ಬುಡದಲ್ಲೇ ಎಡೆ ಇಟ್ಟು ಭೂಮಿ ಪೂಜೆ ಮಾಡುವ ಮನೆಗಳು ನಮ್ಮೂರಲ್ಲೇ ಬೇಕಾದಷ್ಟಿವೆ. ತೋಟವೂ ಭೂಮಿಯೇ, ಅವಳಿಗೂ ಹಸಿವು ಇದೆ.

ಚಿತ್ತಾರ ಇವತ್ತು ಸೀರೆಯ ಮೇಲೆ, ಗೋಡೆಗೆ ತೂಗುವ ಪಟದ ಮೇಲೆ ಬರುತ್ತಿದೆ, ಪ್ರದರ್ಶನಗಳಲ್ಲಿ ಮಾರಾಟವಾಗುತ್ತಿದೆ. ಬರೆದ ಹೆಂಗಸಿನ ಕೈಗೆ ನಾಲ್ಕು ಕಾಸು ಬರಲಿ, ಅವಳ ಹೆಸರು ಪಟದ ಕೆಳಗೆ ಇರಲಿ. ಇದನ್ನು ನಾನು ಮನಸ್ಸು ತುಂಬಿ ಹೇಳುತ್ತೇನೆ. ಜೊತೆಗೆ ಒಂದು ಆಸೆಯೂ ಇದೆ. ಪಟ ಕೊಳ್ಳುವವರು ವರ್ಷಕ್ಕೊಮ್ಮೆ ಹುಣ್ಣಿಮೆಯ ದಿನ ನಮ್ಮ ಕಡೆ ಬರಲಿ. ಬುಟ್ಟಿ ಗದ್ದೆಗೆ ಹೋಗುವುದನ್ನು ನೋಡಲಿ, ಹಾಳಿಯ ಮೇಲೆ ಕೂತು ಕಡುಬು ತಿನ್ನಲಿ. ಆಗ ಆ ಎಳೆಗಳು ಅವರ ಜೊತೆಯೂ ಮಾತಾಡುತ್ತವೆ.

ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ದೀಪಾವಳಿ. ಆಗ ಅಂಟಿಗೆ ಪಂಟಿಗೆಯವರ ಸರದಿ. ಊರ ದೇವರ ಮುಂದೆ ಹಚ್ಚಿದ ದೀಪವನ್ನು ಆರದಂತೆ ಕಾಪಾಡುತ್ತಾ, ಬಲೀಂದ್ರನ ಹಾಡು ಹೇಳುತ್ತಾ ರಾತ್ರಿಯಿಡೀ ಮನೆಮನೆಗೆ ಬರುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ಹೋಳಿಗೆ ಕೊಟ್ಟು ಕಳಿಸುತ್ತಾರೆ. ಹಾಡು ಗೊತ್ತಿರುವ ಹಿರಿಯರು ಊರಲ್ಲಿ ಕಡಿಮೆಯಾಗುತ್ತಿದ್ದಾರೆ, ಹುಡುಗರು ಈಗಲೇ ಅವರ ಹಿಂದೆ ದನಿಗೂಡಿಸಬೇಕು. ಅದರ ಬಗ್ಗೆ ಹೇಳುವುದು ಬಹಳ ಇದೆ, ಇನ್ನೊಮ್ಮೆ ಬರೆಯುತ್ತೇನೆ.

ಈ ಸಲ ಮೊದಲ ಬಾರಿ ಬುಟ್ಟಿ ಬರೆಯುವವರಿಗೆ ಒಂದೆರಡು ಮಾತು. ಬುಟ್ಟಿಯನ್ನು ಮೇದಾರರಿಗೆ ಮೊದಲೇ ಹೇಳಿ ಮಾಡಿಸಿಕೊಳ್ಳಿ, ಹಬ್ಬದ ವಾರದಲ್ಲಿ ಕೇಳಿದರೆ ಸಿಗುವುದಿಲ್ಲ. ಸಗಣಿ ಪೂರ್ತಿ ಒಣಗಿದ ಮೇಲೆಯೇ ಕೆಮ್ಮಣ್ಣು ಬಳಿಯಿರಿ. ಅಕ್ಕಿಯನ್ನು ಹಿಂದಿನ ದಿನ ರಾತ್ರಿಯೇ ನೆನೆಹಾಕಿ. ಮೊದಲ ಎಳೆಯನ್ನು ಮನೆಯ ಹಿರಿಯ ಹೆಂಗಸಿನ ಕೈಯಲ್ಲಿ ಎಳೆಸಿ, ಎರಡನೆಯದನ್ನು ಮನೆಯ ಚಿಕ್ಕ ಹುಡುಗಿಗೆ ಬಿಡಿ. ಹುಡುಗನಿದ್ದರೆ ಅವನಿಗೂ ಬಿಡಿ.