ಎರಡು ಬಕೆಟ್ ಮಸಿ ನೀರು

ಕಳೆದ ಭಾನುವಾರ ನಮ್ಮ ಡೀಸೆಲ್ ಕಾರಿನ ಕಟ್ಟಿಕೊಂಡಿದ್ದ ಡಿಪಿಎಫ್ ಅನ್ನು, ಅಂದರೆ ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುವ ಫಿಲ್ಟರನ್ನು, ಮನೆಯಂಗಳದಲ್ಲೇ ಬಿಚ್ಚಿ ತೊಳೆದೆವು. ಆದರೆ ಅದಕ್ಕೆ ಮೊದಲು ಗ್ಯಾರೇಜಿನ ಮೇಸ್ತ್ರಿ ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ: "ಒಳಗಿರೋದನ್ನ ಒಡೆದು ತೆಗೆದುಬಿಡೋಣ ಸಾರ್, ಆಮೇಲೆ ನಿಮಗೆ ತಲೆನೋವೇ ಇರಲ್ಲ."

ಅವರು ದುಡ್ಡಿಗೆ ಆಸೆಪಡುವವರಲ್ಲ. ಕೈಕೆಲಸದಲ್ಲಿ ಅವರಷ್ಟು ನಿಷ್ಠರನ್ನು ನಾನು ಕಂಡಿಲ್ಲ. ನನಗೆ ಸಿಟ್ಟಿರುವುದು ಸರ್ವಿಸ್ ಸೆಂಟರಿನವರ ಮೇಲೆ. ಇಡೀ ಭಾಗವನ್ನೇ ಬದಲಿಸಬೇಕೆಂದು ದೊಡ್ಡ ಮೊತ್ತ ಹೇಳಿದ ಅವರು, ದಿನಕ್ಕೆ ಎಷ್ಟು ದೂರ ಓಡಿಸುತ್ತೀರಿ ಎಂದು ಒಮ್ಮೆಯೂ ಕೇಳಲಿಲ್ಲ. ನನ್ನ ಮನೆಯಿಂದ ಕಚೇರಿಗೆ 4 ಕಿಲೋಮೀಟರ್. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಇಂಥ ಕಾರುಗಳಲ್ಲಿ, ಹಿಡಿದಿಟ್ಟ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಶಾಖ ಬೇಕು. ಆ ಶಾಖಕ್ಕಾಗಿ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತಿರುವಾಗಲೇ ನಾನು ಕಚೇರಿ ತಲುಪಿ ಕೀಲಿ ತಿರುಗಿಸುತ್ತಿದ್ದೆ. ಮಸಿ ಸುಡದೆ ಉಳಿಯುತ್ತಿತ್ತು, ಡೀಸೆಲ್ ಆಯಿಲ್‌ಗೆ ಇಳಿಯುತ್ತಿತ್ತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗುರುತನ್ನೂ ದಾಟಿತ್ತು.

ಬಿಚ್ಚುವ ಕೆಲಸಕ್ಕೆ ಭಾವ ಬಂದರು. ತುಕ್ಕು ಹಿಡಿದ ಎರಡು ಬೋಲ್ಟುಗಳಿಗೇ ಅರ್ಧ ದಿನ ಹೋಯಿತು. ಗಾಳಿ ಊದಿದರೆ ಮಸಿ ನಮ್ಮ ಮೂಗಿಗೇ ಬರುತ್ತದೆಂದು ಅದನ್ನು ಬಿಟ್ಟೆವು. ರಭಸದ ನೀರನ್ನೂ ಭಾವ ಬೇಡವೆಂದರು. "ಇದು ಪಿಂಗಾಣಿಯ ಜಾತಿ ಕಣೋ, ಬಿರುಕು ಬಿಟ್ಟರೆ ಮುಗೀತು." ಕ್ಲೀನರ್‌ನಲ್ಲಿ ನೆನೆಸಿಟ್ಟು, ಹೊಗೆ ಹೊರಬರುವ ಬದಿಯಿಂದ ಹಿಮ್ಮುಖವಾಗಿ ನೀರು ಹಾಯಿಸಿದೆವು. ಮೊದಲು ಹನಿಯೂ ಇಳಿಯಲಿಲ್ಲ. ಆಮೇಲೆ ಇಳಿದದ್ದು ಕಾಡಿಗೆಯಂಥ ನೀರು.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ನೆನೆಸುವ ಮೊದಲು ಕಂಡ ನೋಟ. ಹೊಗೆ ಒಳಹೋಗುವ ಬದಿಗೆ ಬೆರಳೊತ್ತಿದರೆ ಕೈಗವಸು ಕಪ್ಪಾಯಿತು. ಹೊರಬರುವ ಬದಿಯ ಜೇನುಗೂಡಿನಂಥ ಕಣ್ಣುಗಳಿಗೆ ಒತ್ತಿದರೆ ಏನೂ ಅಂಟಲಿಲ್ಲ. ಮೂರು ವರ್ಷ ಓಡಿದ ಮೇಲೂ ಆ ಬದಿ ಹೊಸ ಮಡಕೆಯಂತೆ ಶುಭ್ರವಾಗಿತ್ತು. ಆ ಕಣ್ಣುಗಳು ಒಂದು ಬಿಟ್ಟು ಒಂದು ಮುಚ್ಚಿರುವುದರಿಂದ ಹೊಗೆ ಗೋಡೆಯೊಳಗಿಂದಲೇ ನುಸುಳಬೇಕು, ಮಸಿ ಈಚೆಯೇ ಉಳಿಯುತ್ತದೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಒಳಗಿನದನ್ನು ಒಡೆದು ತೆಗೆದರೆ "ನಿಮಗೆ" ತಲೆನೋವಿಲ್ಲ ಎಂಬುದು ನಿಜವೇ. ಆ ಮಸಿ ಸೇರುವುದು ಸಿಗ್ನಲ್ಲಿನಲ್ಲಿ ನನ್ನ ಹಿಂದೆ ನಿಂತ ಸ್ಕೂಟರಿನವರ ಎದೆಗೆ, ಇಡೀ ದಿನ ಗಾಡಿಗಳ ಹಿಂದೆ ಬಗ್ಗಿ ನಿಲ್ಲುವ ಆ ಮೇಸ್ತ್ರಿಯ ಎದೆಗೆ.

ಎರಡು ದಿನ ಬಿಸಿಲಲ್ಲಿ ಒಣಗಿಸಿ ಜೋಡಿಸಿದೆವು, ಆಯಿಲ್ ಬದಲಿಸಿದೆವು. ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿಸಲು ಗ್ಯಾರೇಜಿಗೆ ಹೋದಾಗ ಎರಡೂ ಬದಿಗಳ ಫೋಟೋ ತೋರಿಸಿದೆ. ಮೇಸ್ತ್ರಿ ಬಹಳ ಹೊತ್ತು ನೋಡಿ, "ಈ ಕಡೆ ಇಷ್ಟು ಕ್ಲೀನಾಗಿತ್ತಾ ಸಾರ್?" ಎಂದು ಕೇಳಿದರು. ನಾನು ಹೌದೆಂದೆ. ಅವರು ಮತ್ತೇನೂ ಹೇಳದೆ ಸ್ಕ್ಯಾನರ್ ಜೋಡಿಸಿದರು.

ಕಾರು ಈಗ ಸರಾಗವಾಗಿ ಎಳೆಯುತ್ತಿದೆ. ಆಯಿಲ್ ಉರಿದುಳಿದ ಬೂದಿ ಮಸಿಯಂತೆ ಸುಟ್ಟುಹೋಗುವುದಿಲ್ಲ, ಹಾಗಾಗಿ ಮನೆಯ ತೊಳೆತಕ್ಕೆ ಅದೆಲ್ಲ ಹೋಗಿದೆ ಎನ್ನಲಾರೆ. ಮಸಿಯಾದರೂ ಪೂರ್ತಿ ಸುಡಲೆಂದು ಇನ್ನು ಮೇಲೆ ವಾರಕ್ಕೊಮ್ಮೆ ನಂಜನಗೂಡು ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಬೇಕು. ತೊಳೆದ ನೀರು ಮಾತ್ರ ಎರಡು ಬಕೆಟ್‌ಗಳಲ್ಲಿ ಮುಚ್ಚಳ ಹಾಕಿ ಹಿತ್ತಲಲ್ಲಿದೆ. ನಮ್ಮ ಬೀದಿಯ ಮೋರಿ ಹೋಗಿ ಸೇರುವುದು ಕೆರೆಗೆ, ಅಲ್ಲಿಗೆ ಚೆಲ್ಲಲು ನನಗೆ ಮನಸ್ಸಿಲ್ಲ.