1766319049

ವಿಜಯಪುರದಲ್ಲಿ ಭಾಸ್ಕರಾಚಾರ್ಯರ ಮಾತು ಬಂದರೆ ವಾದ ಶುರು. 1114ರಲ್ಲಿ ಹುಟ್ಟಿದ ಅವರು, ತಮ್ಮ ಊರು ಸಹ್ಯಾದ್ರಿಯ ಆಸರೆಯ ವಿಜ್ಜಡವಿಡ ಅಂತ ಬರೆದಿದ್ದಾರೆ. ಅದು ನಮ್ಮ ಬಿಜಾಪುರವೇ ಅಂತ ಇಲ್ಲಿ ಬಹಳ ಜನ ಹೇಳುತ್ತಾರೆ. ಅವರ ಮೊಮ್ಮಗನ ಶಾಸನ ಸಿಕ್ಕಿದ್ದು ಮಹಾರಾಷ್ಟ್ರದ ಪಾಟಣದಲ್ಲಿ, ಹಾಗಾಗಿ ಊರೂ ಆ ಕಡೆಯದೇ ಅನ್ನುವವರೂ ಇದ್ದಾರೆ. ಅವರು ನಮ್ಮೂರಿನವರೇ ಆಗಿರಲಿ ಅಂತ ನನಗೂ ಆಸೆ. ಆದರೆ ಸಹ್ಯಾದ್ರಿ ಇಲ್ಲಿಂದ ದೂರ ಅಲ್ವಾ? ಆ ವಾದ ಹಾಗಿರಲಿ, ಅವರ ಒಂದು ಲೆಕ್ಕವನ್ನು ನಮ್ಮೂರ ಹುಡುಗರೆಲ್ಲ ಒಮ್ಮೆ ಕೈಯಾರೆ ಮಾಡಬೇಕು.

ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿ. ಬಂದದ್ದೂ ವರ್ಗವೇ ಆಗಿರಬೇಕು. ಸೊನ್ನೆ ನಡೆಯಲ್ಲ, ಭಿನ್ನರಾಶಿ ನಡೆಯಲ್ಲ. 61ರ ಬದಲು 60 ಇದ್ದಿದ್ದರೆ ಬಾಯಲ್ಲೇ ಆಗುತ್ತಿತ್ತು: 60×16 = 960, ಒಂದು ಕೂಡಿಸಿದರೆ 961, ಅಂದರೆ 31ರ ವರ್ಗ. 62ಕ್ಕೂ ಸಲೀಸು, 8 ಮತ್ತು 63 ಸಾಕು. ಆದರೆ ನಡುವಿನ 61ಕ್ಕೆ ಎಲ್ಲಕ್ಕಿಂತ ಚಿಕ್ಕ ಉತ್ತರವೇ 226153980 ಮತ್ತು 1766319049! ಒಂದರಿಂದ ಶುರು ಮಾಡಿ ಸುಮ್ನೆ ಹಾಕಿ ನೋಡುತ್ತಾ ಹೋದರೆ 22 ಕೋಟಿಗೂ ಜಾಸ್ತಿ ಸಲ ಗುಣಿಸಬೇಕು.

1150ರ ‘ಬೀಜಗಣಿತ’ ಗ್ರಂಥದಲ್ಲಿ ಭಾಸ್ಕರಾಚಾರ್ಯರು ಇದನ್ನು ಚಕ್ರವಾಲದಿಂದ, ಅಂದರೆ ಒಂದೇ ಬಗೆಯ ಹೆಜ್ಜೆಯನ್ನು ಮತ್ತೆ ಮತ್ತೆ ಹಾಕಿ ಉತ್ತರಕ್ಕೆ ಬರುವ ವಿಧಾನದಿಂದ, ಬಿಡಿಸಿದ್ದಾರೆ. ಈ ವಿಧಾನ ಅವರಿಗಿಂತ ಮೊದಲೇ ಜಯದೇವ ಅನ್ನುವ ಗಣಿತಜ್ಞರಿಗೆ ಗೊತ್ತಿತ್ತು, ಅವರನ್ನೂ ನೆನೆಯಬೇಕು. 8 ಮತ್ತು 1ರ ಜೋಡಿಯಿಂದ ಶುರು ಮಾಡಿ: 8ರ ವರ್ಗ 64, ಅದು 61×1ಕ್ಕಿಂತ 3 ಜಾಸ್ತಿ. ಈಗ 8ಕ್ಕೆ ಕೂಡಿಸಿದರೆ 3ರಿಂದ ಭಾಗ ಹೋಗಬೇಕು, ವರ್ಗ 61ರ ಹತ್ತಿರವೂ ಇರಬೇಕು, ಅಂಥ ಸಂಖ್ಯೆ 7. (8×7+61)÷3 = 39, (8+7)÷3 = 5. ತಾಳೆ ನೋಡಿ: 39ರ ವರ್ಗ 1521, 61×25 = 1525. ಬರೀ 4 ಕಡಿಮೆ, ಅಂದರೆ ಉಳಿಕೆ −4.

ಇಲ್ಲಿಂದ ಗಣಿತಜ್ಞ ಬ್ರಹ್ಮಗುಪ್ತರು 628ರಲ್ಲೇ ಹೇಳಿಕೊಟ್ಟ ‘ಭಾವನಾ’ ಎಂಬ ವಿಧಾನ ಕೈ ಹಿಡಿಯುತ್ತದೆ. ಎರಡು ಜೋಡಿಗಳನ್ನು ಅಡ್ಡಡ್ಡ ಗುಣಿಸಿ ಹೊಸ ಜೋಡಿ ಹೆಣೆದರೆ ಉಳಿಕೆಗಳೂ ಗುಣಾಕಾರವಾಗುತ್ತವೆ. 39 ಮತ್ತು 5ನ್ನು ಅರ್ಧ ಮಾಡಿದರೆ ಉಳಿಕೆ −1. ಆ ಅರ್ಧಗಳನ್ನೇ ಮೂರು ಸಲ ಹೆಣೆದರೆ ಭಿನ್ನರಾಶಿ ಮಾಯವಾಗಿ 29718 ಮತ್ತು 3805 ಬರುತ್ತವೆ. 29718ರ ವರ್ಗ 883159524, 61×3805×3805 = 883159525. ಒಂದೇ ಒಂದು ಕಡಿಮೆ! ಇದನ್ನು ತನ್ನ ಜೊತೆಗೇ ಇನ್ನೊಮ್ಮೆ ಹೆಣೆದರೆ −1 ಹೋಗಿ 1 ಆಗುತ್ತದೆ, ಉತ್ತರ ಸಿಕ್ಕಿತು. ಒಂದೇ ಪುಟದ ಕೆಲಸ. ನನಗೆ ಇದಕ್ಕಿಂತ ಚಂದದ ಲೆಕ್ಕ ಗೊತ್ತಿಲ್ಲ.

ಆ ಸಂಖ್ಯೆಗಳನ್ನು ಒಡೆದು ನೋಡುವುದೂ ಖುಷಿಯೇ. 1766319049ರಲ್ಲಿ ಒಂದು ಬಿಟ್ಟು ಒಂದು ಅಂಕಿ ಕೂಡಿಸಿದರೆ 23, ಉಳಿದವನ್ನು ಕೂಡಿಸಿದರೂ 23, ಹಾಗಾಗಿ 11ರಿಂದ ಭಾಗ ಹೋಗುತ್ತದೆ. 226153980 ಅಂದರೆ 4×9×5×13×127×761. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ 61ರ ವರ್ಗಮೂಲ ದಶಾಂಶದ ಮುಂದೆ 17 ಅಂಕಿಯವರೆಗೆ ಸರಿಯಾಗಿ ಬರುತ್ತದೆ.

1657ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಇದೇ 61ನ್ನು ಸವಾಲಾಗಿ ಕೊಟ್ಟರು, ಜೊತೆಗೆ 109ನ್ನೂ. 109ರ ಅತಿ ಚಿಕ್ಕ ಉತ್ತರದಲ್ಲೇ ದೊಡ್ಡ ಸಂಖ್ಯೆ 158070671986249. ನಾನೀಗ ಅದನ್ನು ಚಕ್ರವಾಲದಲ್ಲಿ ಬಿಡಿಸಲು ಕೂತಿದ್ದೇನೆ, ನೀವೂ ಪೆನ್ನು ತೊಗೊಳ್ಳಿ.